ಬೆಣೆಯ ಮೇಲೆ ನಿಂತ ಮೆಟ್ಟಿಲು

ಗೃಹಪ್ರವೇಶಕ್ಕೆ ಬಂದವರು ಏನೇನು ನೋಡುತ್ತಾರೆ ಎಂದು ಗಮನಿಸಿದ್ದೀರಾ? ಬಾಗಿಲವಾಡದ ಕೆತ್ತನೆಯ ಮೇಲೆ ಕೈಯಾಡಿಸುತ್ತಾರೆ. ತೇಗವೋ ಹೊನ್ನೆಯೋ ಎಂದು ಬೆರಳಿನ ಗೆಣ್ಣಿನಿಂದ ತಟ್ಟುತ್ತಾರೆ. ದೇವರಮನೆ ಯಾವ ದಿಕ್ಕಿಗಿದೆ, ಅಡುಗೆಮನೆಯ ಕಲ್ಲು ಎಲ್ಲಿಂದ ಬಂತು, ಬೋರ್‌ವೆಲ್ಲಿನಲ್ಲಿ ಎಷ್ಟು ಅಡಿಗೆ ನೀರು ಬಿತ್ತು, ಎಲ್ಲ ವಿಚಾರಿಸುತ್ತಾರೆ. ಆಮೇಲೆ ಮಹಡಿ ನೋಡೋಣ ಅಂತ ಮೆಟ್ಟಿಲು ಹತ್ತುತ್ತಾರೆ. ಮಾತು ನಿಲ್ಲಿಸುವುದಿಲ್ಲ, ಕೆಳಗೆ ಕಣ್ಣು ಹಾಯಿಸುವುದಿಲ್ಲ. ಮೆಟ್ಟಿಲು ಮಾಡಿದವನಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇರೆ ಇಲ್ಲ. ಕೆಲಸ ಸರಿಯಾಗಿದ್ದರೆ ಮೆಟ್ಟಿಲು ಯಾರ ಗಮನಕ್ಕೂ ಬರುವುದಿಲ್ಲ. ಕೆಟ್ಟಿದ್ದರೆ ಮಾತ್ರ ಹತ್ತಿದವರೆಲ್ಲ ಒಂದೇ ಜಾಗದಲ್ಲಿ ಎಡವುತ್ತಾರೆ.

ಎಡವುವುದಕ್ಕೆ ಕಾರಣ ಕಣ್ಣಲ್ಲ, ಕಾಲು. ಮೊದಲ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಎಷ್ಟು ಎತ್ತರಕ್ಕೆ ಪಾದ ಎತ್ತಬೇಕು ಎಂಬುದು ಕಾಲಿಗೆ ತಿಳಿದುಬಿಡುತ್ತದೆ. ಅಲ್ಲಿಂದ ಮುಂದೆ ಅದು ಬೇಕಾದಷ್ಟನ್ನೇ ಎತ್ತುತ್ತದೆ, ಒಂದು ನೂಲು ಹೆಚ್ಚಿಗೆ ಎತ್ತುವುದಿಲ್ಲ. ಹಾಗಾಗಿ ನಡುವೆ ಒಂದು ಮೆಟ್ಟಿಲು ಅರ್ಧ ಅಂಗುಲ ಎತ್ತರವಾದರೂ ಹೆಬ್ಬೆರಳು ತಾಗುತ್ತದೆ. ಇಳಿಯುವಾಗ ಅರ್ಧ ಅಂಗುಲ ತಗ್ಗಾದರೆ ಎದೆ ಧಸಕ್ಕೆನ್ನುತ್ತದೆ. ಎಲ್ಲ ಮೆಟ್ಟಿಲೂ ಒಂದೇ ಸಮ ಎತ್ತರವಾಗಿದ್ದರೆ ಸ್ವಲ್ಪ ಕಡಿದಾದರೂ ಜನ ಹೊಂದಿಕೊಳ್ಳುತ್ತಾರೆ. ಏರುಪೇರಿಗೆ ಮಾತ್ರ ಯಾರೂ ಹೊಂದಿಕೊಳ್ಳಲಾರರು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಮೆಟ್ಟಿಲು ಎಂದರೆ ಜನರ ಮನಸ್ಸಿಗೆ ಬರುವುದು ಕಲ್ಲು. ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು, ಅಲ್ಲಿನ ಕಲ್ಯಾಣಿಯ ಸೋಪಾನ, ಕರಿಘಟ್ಟದ್ದು, ಆದಿಚುಂಚನಗಿರಿಯದ್ದು. ಹರಕೆ ಹೊತ್ತು ಹತ್ತುವ ಮೆಟ್ಟಿಲುಗಳು ಇವು. ಮರದ ಮೆಟ್ಟಿಲು ಮನೆಯೊಳಗಿನ ಸಂಗತಿ. ನಡುಮನೆಯ ಒಂದು ಮೂಲೆಯಲ್ಲಿ, ಬೆಳಕು ಕಡಿಮೆ ಇರುವಲ್ಲಿ, ರಾಗಿ ವಾಡೆಗೂ ಗೋಡೆಗೂ ನಡುವೆ ನಿಂತಿರುತ್ತದೆ. ಹಾಗೆ ನಿಂತೇ ಮೂರು ತಲೆಮಾರು ನೋಡಿರುತ್ತದೆ. ಹೊರಗಿನವರ ಕಣ್ಣಿಗೆ ಬೀಳದ್ದರಿಂದಲೋ ಏನೋ, ನಮ್ಮ ಹಳೆಯ ಮನೆಗಳ ಬಗ್ಗೆ ಬರೆದವರು ಕಂಬ, ಬೋದಿಗೆ, ತೊಟ್ಟಿಗಳಿಗೆ ಕೊಟ್ಟ ಗಮನವನ್ನು ಅದಕ್ಕೆ ಕೊಡಲಿಲ್ಲ. ನನಗೆ ಇದು ಬೇಸರದ ವಿಷಯ. ಇಡೀ ಮನೆಯಲ್ಲಿ ಬಡಗಿಯ ಲೆಕ್ಕ, ಕೈ, ತಾಳ್ಮೆ ಮೂರೂ ಒಟ್ಟಿಗೆ ಕಾಣುವ ಜಾಗ ಯಾವುದು ಎಂದು ಕೇಳಿದರೆ ನಾನು ಮೆಟ್ಟಿಲನ್ನೇ ತೋರಿಸುತ್ತೇನೆ.

ಮರದ್ದು ಎಂದರೂ ಎಲ್ಲ ಒಂದೇ ಜಾತಿಯಲ್ಲ. ಎಲ್ಲಕ್ಕಿಂತ ಸರಳವಾದದ್ದು ಬಿದಿರೇಣಿ. ಬೇಕೆಂದಾಗ ಒರಗಿಸಿ, ಬೇಡವಾದಾಗ ಸೂರಿನ ಕೆಳಗೆ ನೇತುಹಾಕುವುದು. ಮಲೆನಾಡು, ಕೊಡಗುಗಳಲ್ಲಿ ಮೆಣಸು ಬಿಡಿಸಲು ಒಂಟಿ ಬಿದಿರಿನ ಏಣಿಯೇ ಸಾಕು. ಆಮೇಲೆ ಬರುವುದು ಅಟ್ಟದ ಮೆಟ್ಟಿಲು: ಎರಡು ದಪ್ಪ ಹಲಗೆ, ಅವುಗಳ ನಡುವೆ ಅಡ್ಡ ಹಲಗೆ, ಹಿಂದೆ ಬಯಲು. ಕಡಿದಾಗಿರುತ್ತದೆ, ಇಳಿಯುವಾಗ ಅದಕ್ಕೆ ಮುಖ ಮಾಡಿ ಇಳಿಯಬೇಕು. ಮೂರನೆಯದು ಅನುಕೂಲಸ್ಥರ ಮಹಡಿ ಮನೆಗಳದ್ದು: ಕಾಲಿಡುವ ಹಲಗೆಯ ಹಿಂದೆ ನಿಂತ ಹಲಗೆಯೂ ಇರುವ, ಒಂದು ಪಕ್ಕ ಕಡೆದ ಗೂಟಗಳ ಕಟಾಂಜನ ಇರುವ ಪೂರ್ತಿ ಮೆಟ್ಟಿಲು. ಈಗಿನ ಮೇಸ್ತ್ರಿಗಳು ಕಾಲಿಡುವುದನ್ನು ಟ್ರೆಡ್ ಅಂತಲೂ ನಿಂತದ್ದನ್ನು ರೈಸರ್ ಅಂತಲೂ ಅನ್ನುತ್ತಾರೆ.

ಅಟ್ಟದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹುಣಸೆಹಣ್ಣಿನ ಮಡಕೆ, ಬಿತ್ತನೆಗೆ ಎತ್ತಿಟ್ಟ ಅವರೆ, ಜೋಳದ ತೆನೆಗೊಂಚಲು, ಆಲೆಮನೆಯಿಂದ ತಂದ ಬೆಲ್ಲ, ಹಬ್ಬಕ್ಕೆ ಮಾತ್ರ ಇಳಿಯುವ ಹಿತ್ತಾಳೆ ಕೊಪ್ಪರಿಗೆ. ಮೆಟ್ಟಿಲಿನ ಅಗಲ ಆ ಕೊಪ್ಪರಿಗೆಯ ಬಾಯಿಗಿಂತ ಕಡಿಮೆಯಿದ್ದರೆ ಅಟ್ಟಕ್ಕೆ ಅರ್ಥವಿಲ್ಲ. ತಲೆಯ ಮೇಲೆ ಮೂಟೆ ಹೊತ್ತವನಿಗೆ ಕಾಲು ಕಾಣುವುದಿಲ್ಲ. ಹಾಗಾಗಿ ಅಟ್ಟದ ಮೆಟ್ಟಿಲಿನ ಸಮಪಾಳಿ ನೆಂಟರ ಎದುರಿಗಿನ ಠೀವಿಗಿಂತ ಹೆಚ್ಚಾಗಿ ಹೊರೆ ಹೊತ್ತವರ ಕತ್ತಿನ ಕ್ಷೇಮಕ್ಕೆ ಬೇಕಾದದ್ದು. ಕೆಳಗಿನ ಒಲೆಯ ಹೊಗೆ ಅಟ್ಟಕ್ಕೇರಿ ಜಂತೆ ತೊಲೆಗಳಿಗೆ ಹುಳು ಹತ್ತದಂತೆ ಕಾಯುತ್ತಿತ್ತು. ಗ್ಯಾಸ್ ಒಲೆ ಬಂದ ಮೇಲೆ ಹೆಂಗಸರ ಕಣ್ಣು ಶ್ವಾಸಕೋಶ ಉಳಿದವು, ಅದು ದೊಡ್ಡ ಲಾಭ. ಆದರೆ ಮರದ ಹುಳುವಿಗೆ ಈಗ ಬೇರೆ ಮದ್ದು ಹುಡುಕಬೇಕು.

ಅನುಕೂಲಸ್ಥರ ಮಹಡಿ ಎಂದೆ. ಈ ಸೀಮೆಯಲ್ಲಿ ಆ ಮಾತಿಗೆ ಕಿರೀಟವಿಟ್ಟ ಹಾಗಿರುವುದು ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಬಹುಪಾಲು ತೇಗ. ಬಂದವರೆಲ್ಲ ಪಡಸಾಲೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರ ನೋಡುತ್ತಾ ನಿಲ್ಲುತ್ತಾರೆ. ನೋಡಲೇಬೇಕಾದ ಚಿತ್ರವೇ. ಆದರೆ ಮುಂದಿನ ಸಲ ಹೋದಾಗ, ಮೇಲಂತಸ್ತಿಗೆ ದಾರಿ ಎಲ್ಲಿದೆ ಎಂದು ಒಂದು ಗಳಿಗೆ ಹುಡುಕಿ. ತಕ್ಷಣ ಸಿಗುವುದಿಲ್ಲ. ಕೆಳಗಿನ ಹಜಾರವನ್ನು ಮೂಲೆಯ ನಾಲ್ಕು ಕೋಣೆಗಳಾಗಿ ವಿಭಾಗಿಸುವ ಅಡ್ಡಗೋಡೆಗಳಿವೆಯಲ್ಲ, ಅವುಗಳೊಳಗೇ ನಾಲ್ಕು ಮೆಟ್ಟಿಲುಸಾಲುಗಳನ್ನು ಅಡಗಿಸಿದ್ದಾರೆ. ಯೂರೋಪಿನ ಅರಮನೆಗಳಲ್ಲಿ ಮೆಟ್ಟಿಲನ್ನು ಹಜಾರದ ನಟ್ಟನಡುವೆ ಹಾಸಿ ಮೆರೆಸುತ್ತಾರೆ. ಇಲ್ಲಿ ಅದು ಗೋಡೆಯ ದಪ್ಪದಲ್ಲಿ ಕರಗಿಹೋಗಿದೆ. ಕಾವಲಿಗೆ ಅನುಕೂಲ ಎನ್ನಬಹುದು, ಸೆಕೆಯ ದಿನಗಳಲ್ಲಿ ಗಾಳಿಗೆ ಹಜಾರ ಬಯಲಾಗಿರಲಿ ಎಂದಿರಬಹುದು. ನನಗಂತೂ ಇದು ನಮ್ಮ ಮೂಲೆಯ ಮೆಟ್ಟಿಲಿನ ಸಂಕೋಚವನ್ನೇ ಅರಮನೆಯ ಅಳತೆಗೆ ತಂದದ್ದು ಅನ್ನಿಸುತ್ತದೆ. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಇಲ್ಲಿ ಕೆಲಕಾಲ ವಾಸವಿದ್ದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ.

ಕೋಟೆಯೊಳಗಿದ್ದ ಲಾಲ್ ಮಹಲ್ ಅರಮನೆಗೆ ಹೀಗೆ ಉಳಿಯುವ ಭಾಗ್ಯ ಇರಲಿಲ್ಲ. ಈಗ ಅಲ್ಲಿ ಅಡಿಪಾಯದ ಗುರುತಷ್ಟೇ. ಆದರೆ ಟಿಪ್ಪುವಿನ ಅರಮನೆಯ ಮರ ಪೂರ್ತಿ ಮಣ್ಣಾಗಲಿಲ್ಲ. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ 1829ರಲ್ಲಿ ಅಡಿಗಲ್ಲು ಹಾಕಿದಾಗ ತೊಲೆಗಳು ಹೋದದ್ದು ಶ್ರೀರಂಗಪಟ್ಟಣದ ಅರಮನೆಯಿಂದ. 1831ರಲ್ಲಿ ಚರ್ಚು ತೆರೆಯಿತು, ಅವು ಇನ್ನೂ ಅಲ್ಲಿ ಸೂರು ಹೊತ್ತು ನಿಂತಿವೆ. ಒಂದು ಕಟ್ಟಡ ಬಿದ್ದರೂ ಅದರ ಮರ ಘಟ್ಟ ಹತ್ತಿ ಇನ್ನೊಂದು ಕಟ್ಟಡವಾಗಬಲ್ಲದು ಎಂಬುದು ನಮ್ಮ ರೈತರಿಗೆ ಹೊಸ ವಿಷಯವೇನಲ್ಲ. ಅಣ್ಣತಮ್ಮಂದಿರು ಭಾಗವಾದಾಗ ತೊಲೆ ಕಂಬಗಳೂ ಭಾಗವಾಗುತ್ತಿದ್ದವು. ಗಾಡಿಯ ಮೇಲೆ ಹೇರಿಕೊಂಡು ಹೋಗಿ ಬೇರೆ ಬೀದಿಯಲ್ಲಿ ನಿಲ್ಲಿಸುತ್ತಿದ್ದರು.

ಮರಕ್ಕೆ ಬೆಂಕಿಯ ಭಯ ಇದ್ದೇ ಇದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್‌ನ ನಕ್ಷೆಯಂತೆ 1912ಕ್ಕೆ ಮುಗಿದ ಹೊಸ ಅರಮನೆಯಲ್ಲಿ ಕಲ್ಲು ಕಬ್ಬಿಣಗಳಿಗೆ ಮೇಲುಗೈ. ಆಮೇಲೆ ಸಿಮೆಂಟು ಬಂತು. ಊರಿನ ದೊಡ್ಡ ಮನೆಗಳಲ್ಲೂ ಮೆಟ್ಟಿಲು ಮರದಿಂದ ಕಾಂಕ್ರೀಟಿಗೆ ಜಾರಿತು.

ಈ ಜಾರುವಿಕೆಯ ನಡುವೆಯೂ ಹಳೆಯ ರೀತಿಯ ಮೆಟ್ಟಿಲು ಹುಟ್ಟುವುದನ್ನು ನೋಡುವ ಅವಕಾಶ ನನಗೆ ಸಿಕ್ಕಿತು. ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿ. ಹೇಮಾವತಿ ನಾಲೆಯ ಬಯಲು. ನಮ್ಮ ಹರಟೆಗಳಿಗೆ ದೊಡ್ಡ ಹೆಸರು ತಂದ ಎ.ಎನ್. ಮೂರ್ತಿರಾಯರ ಅಕ್ಕಿಹೆಬ್ಬಾಳು ಇದೇ ತಾಲ್ಲೂಕಿನದು. ಆ ದಾರಿಯಲ್ಲಿ ಹೋಗುವಾಗೆಲ್ಲ ಅವರ ನೆನಪಾಗುತ್ತದೆ. ಹಳೆಯ ತೊಟ್ಟಿಮನೆಯೊಂದರ ಒಂದು ಪಕ್ಕ ಕುಸಿದಿತ್ತು. ಬೀಳಿಸಿ ಆರ್‌ಸಿಸಿ ಹಾಕಿಸಿ ಎಂದವರ ಮಾತು ಕೇಳದೆ ಮನೆಯ ಯಜಮಾನರಾದ ಗೌಡರು ಉಳಿದ ಭಾಗವನ್ನು ಸರಿ ಮಾಡಿಸಲು ಹೊರಟಿದ್ದರು. ಅಟ್ಟದ ಮೆಟ್ಟಿಲಿಗೆ ಗೆದ್ದಲು ಹಿಡಿದಿದ್ದರಿಂದ ಹೊಸದು ಆಗಬೇಕಿತ್ತು.

ಬಂದ ಆಚಾರ್ರು ಮೊದಲು ಮಾಡಿದ ಕೆಲಸ ಮರ ಹುಡುಕುವುದು. ಅಂಗಡಿಗೆ ಹೋಗಲಿಲ್ಲ. ಕುಸಿದ ಪಕ್ಕದಿಂದ ಎತ್ತಿಟ್ಟಿದ್ದ ತೇಗದ ತೊಲೆಗಳನ್ನು ತಟ್ಟಿ, ಉಳಿಯಿಂದ ಚುಚ್ಚಿ, ಮೂರನ್ನು ಆರಿಸಿದರು. ಸಾಮಿಲ್ಲಿಗೆ ಕಳಿಸುವ ಮುಂಚೆ ಹಳೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಒಂದು ಒಳಗೆ ಉಳಿದರೂ ಗರಗಸದ ಹಲ್ಲು ಹೋಗುತ್ತದೆ. ಹಳೆ ಮರವೇ ಏಕೆ ಎಂದರೆ, ಅದು ಒಣಗುವುದು ಮುಗಿದಿರುತ್ತದೆ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಚೆನ್ನಾಗಿಯೇ ಕುಗ್ಗುತ್ತದೆ. ಮರಗಳಲ್ಲೆಲ್ಲ ಶಾಂತ ಸ್ವಭಾವದ್ದು ಎನಿಸಿಕೊಂಡ ತೇಗವೂ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಉಂಗುರಗಳ ಗುಂಟ ಶೇಕಡ 6ರಷ್ಟು ಕುಗ್ಗುತ್ತದೆ, ಉಂಗುರಗಳಿಗೆ ಅಡ್ಡಲಾಗಿ ಅದರ ಅರ್ಧಕ್ಕಿಂತ ಕಡಿಮೆ. ಈ ಎರಡು ಕುಗ್ಗುವಿಕೆಗಳ ವ್ಯತ್ಯಾಸದಿಂದಲೇ ಹಸಿ ಹಲಗೆ ಸೊಟ್ಟಗಾಗುವುದು. ಆತುರಕ್ಕೆ ಹಸಿ ಮರದಲ್ಲಿ ಮಾಡಿದ ಮೆಟ್ಟಿಲು ಮೊದಲ ಬೇಸಿಗೆಗೇ ಬಾಯಿ ಬಿಡುತ್ತದೆ.

ಆಮೇಲೆ ಎತ್ತರ. ಇದರಲ್ಲಿ ಅವರ ಎಚ್ಚರಿಕೆ ಕಂಡು ನನಗೆ ಸಂತೋಷವಾಯಿತು. ಟೇಪು ಹಿಡಿಯುವ ಮುನ್ನ ಕೇಳಿದರು:

"ಕೆಳಗೆ ಇದೇ ನೆಲ ಇರ್ತದಾ ಗೌಡ್ರೇ, ಇಲ್ಲಾ ಮೇಲೆ ಇನ್ನೇನಾರ ಹಾಕುಸ್ತೀರಾ?"

"ಕಡಪ ಕಲ್ಲು ಹಾಸುಸ್ಬೇಕು ಅಂತ ಅದೆ ಆಚಾರ್ರೇ."

"ಅಂಗಾದ್ರೆ ಗಾರೆ ಸೇರ್ಸಿ ಎಲ್ಡು ಅಂಗುಲ ಮೇಲಕ್ಕೆ ಬತ್ತದೆ. ಈಗ್ಲೇ ಹೇಳಿದ್ದು ಒಳ್ಳೇದಾಯ್ತು ಬುಡಿ."

ಕಟ್ಟಡಗಳಲ್ಲಿ ಮೊದಲ ಮೆಟ್ಟಿಲು ಗಿಡ್ಡ, ಕೊನೆಯದು ಎತ್ತರ ಆಗುವುದು ಹೆಚ್ಚಾಗಿ ಇಲ್ಲೇ. ಮೆಟ್ಟಿಲು ನಿಂತ ಮೇಲೆ ಕೆಳಗೆ ಟೈಲ್ಸು ಹಾಕಿದರೆ ಮೊದಲ ಮೆಟ್ಟಿಲು ಆ ದಪ್ಪವನ್ನು ನುಂಗಿಕೊಳ್ಳುತ್ತದೆ. ಲೆಕ್ಕ ಹಾಕಬೇಕಾದದ್ದು ಮುಗಿದ ನೆಲದಿಂದ ಮುಗಿದ ನೆಲಕ್ಕೆ.

ಹಾಗೆ ಅಳೆದಾಗ ಸಿಕ್ಕಿದ್ದು 10 ಅಡಿ, ಅಂದರೆ 120 ಅಂಗುಲ. ಎಷ್ಟು ಭಾಗ ಮಾಡುವುದು? ಅಲ್ಲಿ ಮನೆಯ ಅಜ್ಜಿ ಮಾತಿಗೆ ಬಂದರು. ಮೆಟ್ಟಿಲು ಬೆಸಸಂಖ್ಯೆಯಲ್ಲಿರಬೇಕು, ಇಂದ್ರ, ಯಮ, ರಾಜ ಎಂದು ಎಣಿಸುತ್ತಾ ಹೋದರೆ ಕೊನೆಯದು ಯಮನಿಗೆ ಬೀಳಬಾರದು. 15 ಮಾಡಿದರೆ ಬೆಸವೂ ಹೌದು, ರಾಜನಿಗೂ ಬೀಳುತ್ತದೆ. ಆದರೆ ಒಂದೊಂದು ಮೆಟ್ಟಿಲು 8 ಅಂಗುಲವಾಗುತ್ತದೆ, ಅಜ್ಜಿಯ ಮಂಡಿಗೆ ಹೆಚ್ಚು. ವಾಸದ ಮನೆಗೆ 190 ಮಿಲಿಮೀಟರ್, ಅಂದರೆ ಏಳೂವರೆ ಅಂಗುಲ ಮೀರಬಾರದು ಎಂದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ. 19 ಮಾಡಿದರೆ ಇಂದ್ರ, ಬೆಸ, ಹತ್ತಲು ಸಲೀಸು. ಆದರೆ ಮೆಟ್ಟಿಲು ತಗ್ಗಾದಷ್ಟೂ ಹಲಗೆ ಅಗಲವಾಗಬೇಕು, ನಡುಮನೆಯಲ್ಲಿ 17 ಅಡಿ ಉದ್ದಕ್ಕೆ ಜಾಗವಿಲ್ಲ. 17 ಮಾಡಿದರೆ 7 ಅಂಗುಲ ಚಿಲ್ಲರೆ, ಕಾಲಿಗೆ ಹೇಳಿ ಮಾಡಿಸಿದ್ದು. ಆದರೆ ಹದಿನೇಳನೆಯದು ಯಮ!

"ಯಮಂಗೆ ಬೀಳ್ಬಾರ್ದು ಕಣಪ್ಪ" ಎಂದರು ಅಜ್ಜಿ.

ಆಚಾರ್ರು ಸ್ವಲ್ಪ ಹೊತ್ತು ರೀಪರಿನ ಮೇಲೆ ಬೆರಳಾಡಿಸಿದರು. "ಅವ್ವಾ, ಹದಿನೇಳ್ನೇ ಹೆಜ್ಜೆ ಇಡದು ಅಟ್ಟದ್ ಮೇಲೆ. ಅದು ಮೆಟ್ಲಲ್ಲ, ಅಟ್ಟ. ನಾನು ಕೂಡ್ಸದು ಹದಿನಾರು. ಹದಿನಾರು ಇಂದ್ರಂಗೆ. ಹೆಜ್ಜೆ ಎಣಿಸುದ್ರೆ ಹದಿನೇಳು, ಬೆಸ. ಬಲಗಾಲಿಟ್ಟು ಹತ್ತುದ್ರೆ ಮೇಲೂ ಬಲಗಾಲೇ ಬೀಳ್ತದೆ." ಅಜ್ಜಿ ಬೆರಳು ಮಡಿಸಿ ಎಣಿಸಿ ನೋಡಿ ಒಪ್ಪಿಕೊಂಡರು. ಶಾಸ್ತ್ರವನ್ನೂ ಮಂಡಿಯನ್ನೂ ಜಾಗವನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿದ ಆ ಜಾಣ್ಮೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಬೆಸಸಂಖ್ಯೆಯ ನಂಬಿಕೆಯ ಹಿಂದೆ ಇರುವ ಅರ್ಥವೂ ಆಗಲೇ ನನಗೆ ಹೊಳೆದದ್ದು: ಹೊರಟ ಕಾಲೇ ಮುಟ್ಟುವ ಕಾಲು.

ಹಲಗೆಯ ಅಗಲ 10 ಅಂಗುಲ ಎಂದು ನಿಶ್ಚಯವಾಯಿತು. ಎತ್ತರದ ಎರಡರಷ್ಟಕ್ಕೆ ಅಗಲ ಕೂಡಿಸಿದರೆ 24 ಅಂಗುಲದ ಆಸುಪಾಸು ಬರಬೇಕು ಎಂಬುದು ಆಚಾರ್ರ ತಂದೆ ಹೇಳಿಕೊಟ್ಟ ಸೂತ್ರವಂತೆ. ಫ್ರಾನ್ಸಿನ ಫ್ರಾಂಸ್ವಾ ಬ್ಲೊಂಡೆಲ್ ಎಂಬ ವಾಸ್ತುಶಿಲ್ಪಿ 1675ರಿಂದ ಪ್ರಕಟವಾಗತೊಡಗಿದ ತನ್ನ ಪಾಠಗಳಲ್ಲಿ ಬರೆದದ್ದೂ ಇದನ್ನೇ. ಅವನ ಕಾಲದ ಫ್ರೆಂಚ್ ಅಂಗುಲ ನಮ್ಮದಕ್ಕಿಂತ ತುಸು ಉದ್ದ, ಅವನ 24 ಅಂಗುಲ ಈಗಿನ ಸುಮಾರು 65 ಸೆಂಟಿಮೀಟರ್. ಆಚಾರ್ರದ್ದು 61. ಸಮತಟ್ಟಿನಲ್ಲಿ ಮನುಷ್ಯ ಇಡುವ ಹೆಜ್ಜೆಯಿಂದ ಹುಟ್ಟಿದ ಲೆಕ್ಕ ಇದು. ಮೇಲಕ್ಕೆ ಎತ್ತುವ ಶ್ರಮ ಮುಂದಕ್ಕೆ ಇಡುವುದರ ಎರಡರಷ್ಟು ಎಂಬ ಊಹೆ. ಪಾಂಡವಪುರದ ಹತ್ತಿರ ಹೈದರ್ ಟಿಪ್ಪುಗಳ ಫ್ರೆಂಚ್ ಸೈನಿಕರು ಬೀಡು ಬಿಟ್ಟು, ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಉಳಿದಿತ್ತು. ಆದರೂ ಸೂತ್ರ ಆ ದಾರಿಯಲ್ಲಿ ಬಂತೆಂದು ಹೇಳುವ ಅಗತ್ಯವಿಲ್ಲ. ಕಾಲು ಎಲ್ಲ ಊರಿನಲ್ಲೂ ಕಾಲೇ.

ಒಂದು ತಗಡಿನ ಅಚ್ಚು ಕತ್ತರಿಸಿ, ಅದನ್ನು ಪಕ್ಕದ ಹಲಗೆಯ ಮೇಲೆ ಜರುಗಿಸುತ್ತಾ ಹದಿನಾರು ಸಲ ಗೀರಿದರು. ಒಂದೊಂದಾಗಿ ಟೇಪಿನಿಂದ ಅಳೆದು ಗುರುತು ಹಾಕಿದರೆ ನೂಲು ನೂಲು ತಪ್ಪು ಕೂಡುತ್ತಾ ಹೋಗಿ ಕೊನೆಯಲ್ಲಿ ಅಂಗುಲವಾಗುತ್ತದೆ. ಹಾಗಾಗಿ ಪೂರ್ತಿ ಎತ್ತರವನ್ನು ಮೊದಲೇ ಒಂದು ರೀಪರಿನ ಮೇಲೆ ಸಮಪಾಲು ಮಾಡಿಟ್ಟುಕೊಂಡು ಪ್ರತಿ ಗೀರನ್ನೂ ಅದಕ್ಕೆ ತಾಳೆ ನೋಡಿದರು. ಗೀರಿದ ಜಾಗದಲ್ಲಿ ಗಾಡಿ ಹೊಡೆದರು, ಅಂದರೆ ಹಲಗೆಯ ಒಳಮೈಯಲ್ಲಿ ಅರ್ಧ ಅಂಗುಲ ಆಳದ ತೋಡು ತೆಗೆದರು. ತೋಡಿನ ಬಾಯಿ ಮುಂದೆ ಹಲಗೆಯ ದಪ್ಪದಷ್ಟೇ. ಹಿಂದಕ್ಕೆ ಹೋದಂತೆ ಅಗಲ. ಆ ಹೆಚ್ಚಿನ ಜಾಗ ಬೆಣೆಗೆ. ಮರದ ಮೆಟ್ಟಿಲಿನ ಜೀವ ಇರುವುದು ಈ ಬೆಣೆಯಲ್ಲಿ. ಮೇಲಿನಿಂದ ನೋಡುವವರಿಗೆ ಅದು ಕಾಣುವುದೇ ಇಲ್ಲ. ಹಿಂಬದಿಯಿಂದ ಸರೇಸು ಬಳಿದು ಕಾಲಿಡುವ ಹಲಗೆಯ ಕೆಳಗೊಂದು, ನಿಂತ ಹಲಗೆಯ ಬೆನ್ನಿಗೊಂದು ಬೆಣೆ ಹೊಡೆದಾಗ ಹಲಗೆಗಳು ಮುಂದಿನ ಅಂಚಿಗೆ ಒತ್ತಿಕೊಂಡು ಕೂದಲು ತೂರದಂತೆ ಕೂರುತ್ತವೆ. ಸರೇಸು ಅಂದೆನಲ್ಲ, ಈಗ ಅದು ಫೆವಿಕಾಲ್.

ಬೆಣೆ ಹೊಡೆಯುವ ಮುನ್ನ ಒಂದು ಸಲ ಅಂಟಿಲ್ಲದೆಯೇ ಜೋಡಿಸಿ ನೋಡಿದರು. ಜಗುಲಿಯ ಮುಂದೆ ಎರಡು ಪಕ್ಕದ ಹಲಗೆ ಮಲಗಿಸಿ, ಮೆಟ್ಟಿಲು ತೂರಿಸಿ, ಸುತ್ತ ಹಗ್ಗ ಬಿಗಿದು ಕೋಲಿನಿಂದ ತಿರುವಿದರು. ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಕರ್ಣ ಸಮ ಇವೆಯೇ ನೋಡಿದರು. ಒಂದು ನೂಲು ವ್ಯತ್ಯಾಸ ಇತ್ತು. ಕೊಡತಿಯಿಂದ ಒಂದು ಮೂಲೆಗೆ ಮೆಲ್ಲಗೆ ತಟ್ಟಿದರು. ಪ್ರತಿ ಹಲಗೆಯ ಕಾಣದ ಮೈಯಲ್ಲಿ ಉಳಿಯಿಂದ ಗುರುತಿನ ಕಚ್ಚು ಹಾಕಿ ಎಲ್ಲ ಬಿಚ್ಚಿದರು, ಏಕೆಂದರೆ ಜೋಡಿಸಿದ ಮೆಟ್ಟಿಲು ಆ ತಲೆಬಾಗಿಲಲ್ಲಿ ತಿರುಗುತ್ತಿರಲಿಲ್ಲ. ಒಳಗೆ ತಂದು ಮತ್ತೆ ಜೋಡಿಸಿದರು. ಎತ್ತಿ ನಿಲ್ಲಿಸುವಾಗ ಮೇಲ್ತುದಿ ಮೊದಲು: ಅಟ್ಟದ ಬಾಯಿಯ ಅಡ್ಡತೊಲೆಗೆ ಕಚ್ಚು ಕೂರಿಸಿ, ಆಮೇಲೆ ಬುಡ ಇಳಿಸಿದರು. ಬುಡದ ಮೊದಲ ಮೆಟ್ಟಿಲು ಮಾತ್ರ ಕಲ್ಲಿನದು. ನೆಲದ ತೇವವಾಗಲಿ ಗೆದ್ದಲಾಗಲಿ ಮರಕ್ಕೆ ನೇರ ತಾಗಬಾರದು. ಹಳೆಯ ಮೆಟ್ಟಿಲು ಕೆಟ್ಟದ್ದೇ ಬುಡದಿಂದ. ರಸಮಟ್ಟವನ್ನು ಒಂದೊಂದು ಹಲಗೆಯ ಮೇಲೂ ಇಟ್ಟು ನೋಡಿದ ಮೇಲೆಯೇ ಗೋಡೆಯೊಳಗೆ ಹೂತ ಗೂಟಗಳಿಗೆ ಭದ್ರಪಡಿಸಿದ್ದು. ಕಟಾಂಜನದ ಕಂಬಕ್ಕೆ ಹಲಗೆಯ ತುದಿಯನ್ನು ಸಣ್ಣದಾಗಿ ಕೆತ್ತಿ ತೂರಿಸಿ, ಎರಡರ ತೂತುಗಳನ್ನು ತುಸುವೇ ಸರಿಸಿ ಬೈರಿಗೆಯಿಂದ ಕೊರೆದು, ಮರದ ಮೊಳೆ ಹೊಡೆದರು. ಓರೆಯಾದ ತೂತಿನಲ್ಲಿ ಇಳಿಯುವಾಗ ಮೊಳೆಯೇ ಸಂದನ್ನು ಎಳೆದು ಬಿಗಿ ಮಾಡುತ್ತದೆ. ಕೈಹಿಡಿಯ ನಯವನ್ನು ಮಾತ್ರ ಅವರು ಕಣ್ಣಿನಿಂದ ನೋಡಲಿಲ್ಲ. ಕಣ್ಣು ಮುಚ್ಚಿ ಅಂಗೈ ಸವರಿದರು. ಕೆಲಸ ಮುಗಿದ ತಕ್ಷಣ ಮೆಟ್ಟಿಲಿಗೆಲ್ಲ ಗೋಣಿತಾಟು ಹೊದಿಸಿ ಸುಣ್ಣಬಣ್ಣದವರಿಗೆ ಜಾಗ ಬಿಟ್ಟುಕೊಟ್ಟರು.

ವಸ್ತುಗಳನ್ನು ಮಾಡುವುದರಲ್ಲಿ ಎರಡು ದಾರಿ: ಎರೆಯುವುದು, ಕೂಡಿಸುವುದು. ಎರೆಯುವುದಕ್ಕೆ ನಮ್ಮ ಸೀಮೆಯಲ್ಲಿ ನಾಗಮಂಗಲವಿದೆ. ಅಲ್ಲಿನ ಲೋಹಶಿಲ್ಪಿಗಳು ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿ, ಆ ಖಾಲಿ ಜಾಗಕ್ಕೆ ಪಂಚಲೋಹ ಹೊಯ್ಯುತ್ತಾರೆ; ಅಚ್ಚು ಒಡೆದರೆ ದೇವರು. ಕೂಡಿಸುವುದಕ್ಕೆ ಮೇಲುಕೋಟೆಯ ತೇರು ಇದೆ, ಎತ್ತಿನ ಗಾಡಿಯ ಚಕ್ರವಿತ್ತು, ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವಿದೆ. ಹದಿಮೂರನೆಯ ಶತಮಾನದ ಆ ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲನ್ನು ಮರದಂತೆಯೇ ಕಡೆದರು, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿದರು. ಕಾಂಕ್ರೀಟ್ ಮೆಟ್ಟಿಲು ಎರೆದದ್ದು. ಗಟ್ಟಿ, ಬೆಂಕಿಗೆ ಹೆದರದು, ಮಳೆಗೆ ಬಿಟ್ಟರೂ ಚಿಂತೆಯಿಲ್ಲ, ಅಗ್ಗ. ಮನೆಯ ಹೊರಗಿನ ಮೆಟ್ಟಿಲಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಸೆಂಟ್ರಿಂಗ್ ಬಿಚ್ಚಿದ ದಿನ ಒಂದು ಮೆಟ್ಟಿಲು ಎತ್ತರವಾಗಿದ್ದರೆ ಕೊನೆತನಕ ಎತ್ತರವೇ. ಬೇಡವಾದ ದಿನ ಅದು ಜೆಸಿಬಿಯ ಬಾಯಿಗೆ. ಕೂಡಿಸಿದ್ದಕ್ಕೆ ಇನ್ನೊಂದು ಅವಕಾಶ ಯಾವಾಗಲೂ ಇರುತ್ತದೆ. ನಾನು ಮರದ ಮೆಟ್ಟಿಲಿನ ಪರ ಮಾತಾಡುವುದು ಇದೊಂದು ಕಾರಣಕ್ಕೆ.

ಇದು ಎಷ್ಟು ಹಳೆಯ ಬುದ್ಧಿ ಎಂಬುದಕ್ಕೆ ಆಸ್ಟ್ರಿಯಾದ ಹಾಲ್‌ಸ್ಟಾಟ್ ಉಪ್ಪಿನ ಗಣಿ ಸಾಕ್ಷಿ. 2003ರಲ್ಲಿ ಅಲ್ಲಿ ನೆಲದಾಳದಲ್ಲಿ ಒಂದು ಮರದ ಮೆಟ್ಟಿಲು ಸಿಕ್ಕಿತು. ಮರದ ಉಂಗುರಗಳನ್ನು ಎಣಿಸಿದಾಗ ಕ್ರಿ.ಪೂ. 1344ರ ಆಸುಪಾಸಿನದೆಂದು ತಿಳಿಯಿತು. ಉಪ್ಪು ಅದನ್ನು ಕೆಡದಂತೆ ಕಾದಿತ್ತು. ಎರಡು ಪಕ್ಕದ ದಿಮ್ಮಿಗಳಲ್ಲಿ ತೋಡು, ಆ ತೋಡಿನೊಳಗೆ ಕೂರಿಸಿದ ಮೆಟ್ಟಿಲು ಹಲಗೆ. ಗಣಿಯ ಇಳಿಜಾರು ಬದಲಾದಂತೆ ಹಲಗೆಗಳ ಓರೆಯನ್ನೂ ಬದಲಿಸಬಹುದಿತ್ತು. ಬೆನ್ನ ಮೇಲೆ ಉಪ್ಪು ಹೊತ್ತು ಹತ್ತಿದ ಆ ಗಣಿಯವರಿಗೂ ನಮ್ಮ ಅಟ್ಟಕ್ಕೆ ರಾಗಿ ಹೊತ್ತವರಿಗೂ ಬೇಕಾಗಿದ್ದದ್ದು ಒಂದೇ.

ಈಗ ಪೇಟೆಯ ಹೊಸ ಮನೆಗಳಲ್ಲಿ ಮರದ ಮೆಟ್ಟಿಲು ಮತ್ತೆ ಕಾಣಿಸುತ್ತಿದೆ. ಮಲೇಷಿಯಾದ ಸಾಲ್, ಆಫ್ರಿಕಾದ ತೇಗ, ಅಂಟಿಸಿದ ರಬ್ಬರ್ ಮರದ ಹಲಗೆ. ಯಂತ್ರದಲ್ಲಿ ಗಾಡಿ ಹೊಡೆದು ಬಿಡಿಬಿಡಿಯಾಗಿ ಬಂದು ಒಂದೇ ದಿನದಲ್ಲಿ ನಿಲ್ಲುತ್ತವೆ. ಬರಲಿ, ಸಂತೋಷ. ಆದರೆ ಇದೇ ಹೊತ್ತಿನಲ್ಲಿ ನಮ್ಮ ಹಳ್ಳಿಗಳಲ್ಲಿ ಬೀಳುತ್ತಿರುವ ಮನೆಗಳ ತೇಗ, ಹೊನ್ನೆ, ಹಲಸಿನ ಮೆಟ್ಟಿಲುಗಳು ಸೌದೆಯ ರೇಟಿಗೆ ತೂಕವಾಗುತ್ತಿವೆ. ಇದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಿರುಗುಟ್ಟುತ್ತದೆ ಎಂಬ ಕಾರಣಕ್ಕೆ ಮೆಟ್ಟಿಲನ್ನು ಕೀಳಬೇಡಿ. ಕಿರುಗುಟ್ಟುವುದು ಮುಪ್ಪಿನ ಲಕ್ಷಣವಲ್ಲ; ಬೇಸಿಗೆಯಲ್ಲಿ ಮರ ಕುಗ್ಗಿ ಬೆಣೆ ಸಡಿಲವಾಗಿದೆ, ಹಲಗೆಗೆ ಹಲಗೆ ಉಜ್ಜುತ್ತಿದೆ, ಅಷ್ಟೇ. ಕೆಳಗೆ ಹೋಗಿ ನೋಡಿ. ಸಡಿಲ ಬೆಣೆ ಕಿತ್ತು ಹೊಸದು ಹೊಡೆಸಿ. ಎರಡು ಹಲಗೆ ಸೇರುವ ಮೂಲೆಗೆ ಒಂದು ಸಣ್ಣ ಮರದ ತುಂಡು ಅಂಟಿಸಿ. ಕೆಳಭಾಗ ಮುಚ್ಚಿದ್ದರೆ ಮೇಲಿನಿಂದಲೇ ನಿಂತ ಹಲಗೆಗೆ ಸ್ಕ್ರೂ ಬಿಗಿಸಬಹುದು. ಅಲ್ಲಿಯವರೆಗೆ ಸಂದಿಗೆ ಬಳಪದ ಪುಡಿ ಉದುರಿಸಿದರೂ ಸದ್ದು ಅಡಗುತ್ತದೆ.

ಮನೆಯೇ ಬೀಳಿಸುವುದು ಅನಿವಾರ್ಯವಾದರೆ, ಜೆಸಿಬಿಗೆ ಮುಂಚೆ ಒಬ್ಬ ಆಚಾರ್ರನ್ನು ಕರೆಸಿ. ಮೊದಲು ಕಟಾಂಜನ, ಆಮೇಲೆ ಹಿಂಬದಿಯಿಂದ ಬೆಣೆಗಳು. ಬೆಣೆ ಹೊರಬಂದ ಮೇಲೆ ಹಲಗೆಗಳು ತಾವಾಗಿ ಕೈಗೆ ಬರುತ್ತವೆ, ಮುಂದಿನಿಂದ ಸುತ್ತಿಗೆ ಹೊಡೆದರೆ ಮಾತ್ರ ಸೀಳುತ್ತವೆ. ಕಾಣದ ಮೈಯಲ್ಲಿ ಹಳೆಯ ಆಚಾರ್ರ ಕಚ್ಚುಗಳಿದ್ದರೆ ಅದೇ ಕ್ರಮ; ಇಲ್ಲದಿದ್ದರೆ ನೀವೇ ಗುರುತು ಹಾಕಿ. ನೆರಳಿನಲ್ಲಿ ರೀಪರುಗಳ ಮೇಲೆ, ಹಲಗೆಗೆ ಹಲಗೆ ತಾಗದಂತೆ, ಮಟ್ಟಸವಾಗಿ ಮಲಗಿಸಿ. ಹೊಸ ಜಾಗದ ಎತ್ತರ ಬೇರೆಯಾದರೆ ಹೊಸದಾಗಿ ಮಾಡಿಸಬೇಕಾದದ್ದು ಎರಡು ಪಕ್ಕದ ಹಲಗೆ ಮಾತ್ರ. ನಿಂತ ಹಲಗೆಗಳನ್ನು ಬೇಕಾದಷ್ಟು ಸೀಳಿಕೊಂಡರಾಯಿತು, ಕಾಲಿಡುವ ಹಲಗೆಗಳು ಇದ್ದ ಹಾಗೆಯೇ ಕೂರುತ್ತವೆ. ಹೊಸ ಲೆಕ್ಕದಲ್ಲಿ ಒಂದು ಉಳಿದರೆ ಕೆಳಗೆ ಎರಡು ಅಡ್ಡಪಟ್ಟಿ ಹೊಡೆಸಿ, ಊಟಕ್ಕೆ ಮಣೆಯಾಗುತ್ತದೆ.